ರಟ್ಟಿನ ಕಿಟಕಿ

"ಗುರುಗಳೇ, ಉಪಕಾರ ಮಾಡಿದವರಿಗೆ ಸಲ್ಲಬೇಕಾದದ್ದನ್ನೆಲ್ಲ ಸಲ್ಲಿಸಿದ ಮೇಲೂ ಮನುಷ್ಯನಿಗೆ ಬಿಡುಗಡೆ ಇಲ್ಲವೇ?"

ಹೀಗೆ ಕೇಳಿದವನು ಮೃತ್ಯುಂಜಯ. ಮಠಕ್ಕೆ ಬಂದಾಗ ಅವನು ಚಿಕ್ಕವನು, ತಂದೆ ತಾಯಿ ಇಲ್ಲದವನು. ಕೈಹಿಡಿದು ಕರೆತಂದು ಸೇರಿಸಿದವರು ಒಬ್ಬ ಶಾಲಾ ಮೇಷ್ಟರು. ಆ ಮೇಷ್ಟರು ವಯಸ್ಸಾಗಿ ಹಾಸಿಗೆ ಹಿಡಿದಾಗ ಮೃತ್ಯುಂಜಯ ಹೋಗಿ ಮಗನಿಗಿಂತ ಹೆಚ್ಚಾಗಿ ನೋಡಿಕೊಂಡ. ಅವರು ತೀರಿಕೊಂಡ ಮೇಲೆ ಮಣ್ಣು ಮಾಡಿ, ಮುಂದಿನ ಕಾರ್ಯಗಳನ್ನೂ ಮುಗಿಸಿ ಹಿಂದಿರುಗಿದ. ಈಗ ಮಠವನ್ನೂ ಬಿಟ್ಟು ಎಲ್ಲಾದರೂ ದೂರ ಹೋಗಿ ಒಬ್ಬನೇ ಇರಬೇಕೆಂದು ನಿಶ್ಚಯಿಸಿ, ಗಂಟು ಕಟ್ಟಿಕೊಂಡು ಗುರುಗಳ ಮುಂದೆ ನಿಂತಿದ್ದ.

"ನನ್ನ ಮೇಲೆ ಇದ್ದದ್ದು ಅವರೊಬ್ಬರ ಉಪಕಾರ. ಅದು ತೀರಿತು. ಇನ್ನು ನಾನು ಯಾರಿಗೂ ಬಾಧ್ಯನಲ್ಲ. ಹೊರಡಲು ಅಪ್ಪಣೆಯಾಗಬೇಕು," ಎಂದ.

ಅಷ್ಟರಲ್ಲಿ ದಾಸೋಹದ ಅಡುಗೆಮನೆಯಿಂದ ಬಸಲಿಂಗವ್ವ ಬಂದಳು. ದಾರಿಗಿರಲಿ ಎಂದು ಬುತ್ತಿಯನ್ನು ಅವನ ಕೈಗಿಟ್ಟು ಹೋದಳು. ಅವನು ಅದನ್ನು ಗಂಟಿಗೆ ತುರುಕಿ ಮತ್ತೆ ಗುರುಗಳ ಕಡೆ ತಿರುಗಿದ.

ಗುರುಗಳು ಹೇಳಿದರು: "ಅಪ್ಪಣೆಗೇನು, ಕೊಡೋಣ. ಬಸ್ಸಿಗೆ ಇನ್ನೂ ಹೊತ್ತಿದೆ. ಕುಳಿತುಕೋ, ಒಂದು ಕತೆ ಹೇಳುತ್ತೇನೆ. ಕಾರಿನ ಕತೆ. ಸನ್ಯಾಸಿಗೆ ಕಾರಿನ ಗೊಡವೆ ಏಕೆ ಎಂದು ನಿನ್ನ ಹುಬ್ಬು ಮೇಲೇರಿದೆ. ಅದನ್ನು ಕೆಳಗಿಳಿಸಿ ಕೇಳು."

ಆಮೇಲೆ ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ನಾಲ್ವರು ಗೆಳೆಯರಿದ್ದರು. ಒಬ್ಬ ದರ್ಜಿ, ಒಬ್ಬ ಗಡಿಯಾರ ರಿಪೇರಿಯವನು, ಒಬ್ಬ ವಕೀಲ, ಇನ್ನೊಬ್ಬ ಫೋಟೋ ಸ್ಟುಡಿಯೋ ಇಟ್ಟವನು. ಭಾನುವಾರ ಮಧ್ಯಾಹ್ನ ಸ್ಟುಡಿಯೋದ ಬೆಂಚಿನ ಮೇಲೆ ಸೇರುವರು. ಇಸ್ಪೀಟು ಆಡುತ್ತಿರಲಿಲ್ಲ. ಊರವರ ಸುದ್ದಿ ಮಾತಾಡುತ್ತಿರಲಿಲ್ಲ, ಮಾತಾಡಿದರೂ ಸ್ವಲ್ಪವೇ. ಅವರ ಆಟ ಬೇರೆ. ಒಬ್ಬ ಎಲ್ಲಿಂದಲಾದರೂ ಒಂದು ಹಳೆಯ ಕಾರಿನ ಫೋಟೋ ತರಬೇಕು. ಅದು ಯಾವ ಕಾರು, ಯಾವ ಕಾಲದ್ದು ಎಂದು ಉಳಿದವರು ಊಹಿಸಿ ಹೇಳಬೇಕು.

ನಾಲ್ವರಲ್ಲಿ ಯಾರ ಬಳಿಯೂ ಕಾರಿರಲಿಲ್ಲ. ವಕೀಲನ ಬಳಿ ಸ್ಕೂಟರ್ ಇತ್ತು, ಅದನ್ನೂ ತಳ್ಳಿಯೇ ಶುರು ಮಾಡಬೇಕಿತ್ತು. ಆದರೆ ಫೋಟೋ ಕೈಗೆ ಬಂದರೆ ಸಾಕು, ಊರಿನ ಕಾರುಗಳೆಲ್ಲ ಅವರದೇ. ಮಡ್‌ಗಾರ್ಡಿನ ಬಾಗು ನೋಡಿ ಒಬ್ಬ ಆಸ್ಟಿನ್ ಎನ್ನುವನು. ಮುಂದಿನ ಜಾಲರಿ ತೋರಿಸಿ ಇನ್ನೊಬ್ಬ, ನಿನ್ನ ತಲೆ, ಇದು ಮಾರಿಸ್ ಎನ್ನುವನು. ಚಕ್ರದ ಕಡ್ಡಿಗಳ ಮೇಲೆ ವಾದವಾಗುತ್ತಿತ್ತು. ದೀಪ ಕುಳಿತ ಜಾಗದ ಮೇಲೆ ಕೂಗಾಟವಾಗುತ್ತಿತ್ತು. ಆದರೂ ಮನಸ್ಸು ಮುರಿಯುತ್ತಿರಲಿಲ್ಲ. ಅವರದೊಂದು ನಿಯಮವಿತ್ತು. ಸೋತವರು ಏನೂ ಕೊಡಬೇಕಿಲ್ಲ, ಗೆದ್ದವನೇ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಬೇಕು. ಎದುರಿಗೆ ಸೋಲುವವರು ಕುಳಿತದ್ದರಿಂದ ತಾನೆ ಇವನು ಗೆದ್ದದ್ದು? ಅವರಿಗೆ ಅಷ್ಟಾದರೂ ಸಲ್ಲಬೇಡವೇ ಎಂಬುದು ಅವರ ನ್ಯಾಯ. ನನಗೆ ಈ ನ್ಯಾಯ ಬಹಳ ಹಿಡಿಸಿತು.

ಮೊದಮೊದಲು ವಕೀಲನೇ ಗೆಲ್ಲುತ್ತಿದ್ದ. ಆಮೇಲೆ ಗುಟ್ಟು ಹೊರಬಿತ್ತು. ಅವನು ಕಾರನ್ನು ನೋಡುತ್ತಲೇ ಇರಲಿಲ್ಲ. ಹಿಂದಿನ ಅಂಗಡಿಯ ಬೋರ್ಡು, ಪಕ್ಕದಲ್ಲಿ ನಿಂತವರ ಟೋಪಿ, ಹೆಂಗಸರ ರವಿಕೆಯ ತೋಳು, ಗೋಡೆಗೆ ಅಂಟಿಸಿದ ಜಾಹೀರಾತು, ಇವನ್ನು ನೋಡಿ ಕಾಲ ಹೇಳಿಬಿಡುತ್ತಿದ್ದ. ಸಾಕ್ಷಿಯನ್ನು ಎಲ್ಲಿಂದ ಬೇಕಾದರೂ ತರಬಹುದು ಎಂದು ವಾದವನ್ನೂ ಹೂಡಿದ. ಉಳಿದವರು ಒಪ್ಪಲಿಲ್ಲ. ಆಟ ಕಾರಿನದು, ಟೋಪಿಯದಲ್ಲ ಎಂದರು.

ಸ್ಟುಡಿಯೋದವನು ಒಂದು ಉಪಾಯ ಹುಡುಕಿದ. ರಟ್ಟು ತೆಗೆದುಕೊಂಡು ನಡುವೆ ಕಾರಿನ ಅಳತೆಗೆ ಕಿಟಕಿ ಕೊರೆದ. ಫೋಟೋದ ಮೇಲೆ ರಟ್ಟು ಇಟ್ಟರೆ ಕಾರು ಮಾತ್ರ ಕಾಣುತ್ತಿತ್ತು, ಮಿಕ್ಕದ್ದೆಲ್ಲ ಮುಚ್ಚಿಹೋಗುತ್ತಿತ್ತು. ಅಂದಿನಿಂದ ಯಾರೇ ಫೋಟೋ ತರಲಿ, ಮೊದಲು ಅವನ ಕೈಗೆ ಕೊಡಬೇಕು. ಅವನು ಅಳತೆಪಟ್ಟಿ ಹಿಡಿದು ರಟ್ಟು ಕೊರೆದು ಕೂರಿಸಿದ ಮೇಲೆಯೇ ಆಟ. ಆಟ ಮುಗಿದರೆ ಫೋಟೋ ರಟ್ಟಿನ ಸಮೇತ ಪೆಟ್ಟಿಗೆ ಸೇರುತ್ತಿತ್ತು. ಕಾರಿನ ಆಚೀಚೆ ಏನಿದೆ ಎಂದು ನೋಡುವ ಅಭ್ಯಾಸವೇ ನಾಲ್ವರಿಗೂ ತಪ್ಪಿಹೋಯಿತು. ವಕೀಲನಿಗೂ.

ಮೂವರಿಗೆ ಅದು ಆಟ. ದರ್ಜಿ ಮಾತ್ರ ಆಟದ ನೆಪದಲ್ಲಿ ಒಂದು ಕಾರನ್ನು ಹುಡುಕುತ್ತಿದ್ದ.

ಅವನು ಹುಟ್ಟಿದ್ದೇ ಕಾರಿನಲ್ಲಿ. ಅವನ ತಂದೆ ಒಂದು ನಾಟಕ ಕಂಪನಿಯಲ್ಲಿ ಅಡುಗೆಯವನಾಗಿದ್ದ. ಕಂಪನಿ ಗೊತ್ತಿಲ್ಲದ ಸೀಮೆಗೆ ಹೋಗಿ ಡೇರೆ ಹಾಕಿತ್ತು. ಗಂಡ ಸಾಮಾನು ತರಲು ಹೋಗಿದ್ದಾಗ, ದಿನ ತುಂಬುವ ಮೊದಲೇ ಅವನ ತಾಯಿಗೆ ನೋವು ಬಂತು. ಮೈಮೇಲೆ ಜ್ವರವೂ ಇತ್ತು. ಆಸ್ಪತ್ರೆಯ ದಾರಿ ಕೇಳುತ್ತ ಒಬ್ಬಳೇ ರಸ್ತೆಗೆ ಬಂದಳು, ಒಂದು ಮೈಲಿಗಲ್ಲಿನ ಹತ್ತಿರ ಕುಸಿದು ಕುಳಿತಳು. ಒಂದು ಕಾರು ಬಂದು ನಿಂತಿತು. ಯಾರೋ ಎತ್ತಿ ಒಳಗೆ ಕೂರಿಸಿದರು. ಅಲ್ಲಿಂದ ಮುಂದಿನದು ಅವಳಿಗೆ ಅರೆಬರೆ ನೆನಪು. ಪೂರ್ತಿ ಎಚ್ಚರವಾದಾಗ ಆಸ್ಪತ್ರೆಯ ಮಂಚದ ಮೇಲಿದ್ದಳು. ಪಕ್ಕದಲ್ಲಿ ಕರಿಯ ಕಂಬಳಿಯಲ್ಲಿ ಸುತ್ತಿದ ಮಗು ಮಲಗಿತ್ತು.

"ಯಾರೋ ಕಾರಿನಲ್ಲಿ ತಂದು ಬಿಟ್ಟು ಹೋದ್ರಮ್ಮ. ಬರೋವಾಗಲೇ ಹೆರಿಗೆ ಆಗಿತ್ತು," ಎಂದಳು ದಾದಿ.

ಹೆಸರು ಕೇಳಿದವರಿಲ್ಲ, ಹೇಳಿದವರಿಲ್ಲ. ಗಂಡ ಹುಡುಕಿಕೊಂಡು ಬಂದ. ಕಂಪನಿ ಇನ್ನೊಂದು ದಿಕ್ಕಿಗೆ ಹೊರಟಿತ್ತು, ಅವರೂ ಹೊರಟರು. ಆ ಕಡೆಗೆ ಮತ್ತೆ ಹೋಗಲಾಗಲಿಲ್ಲ.

ತಾಯಿ ಆ ಕಂಬಳಿಯನ್ನು ಹೊದೆಯಲಿಲ್ಲ, ಯಾರಿಗೂ ಕೊಡಲಿಲ್ಲ. ಅದು ಕಾರಿನ ಧಣಿಯದು, ಒಂದಲ್ಲ ಒಂದು ದಿನ ಹಿಂದಕ್ಕೆ ಕೊಡಬೇಕು ಎಂದು ಟ್ರಂಕಿನಲ್ಲಿ ಇಟ್ಟಳು. ಹಬ್ಬದ ದಿನ ಎಲೆ ಹಾಕಿದಾಗ ಮೊದಲ ತುತ್ತನ್ನು ಬದಿಗಿಟ್ಟು, 'ಇದು ಕಾರಿನ ಧಣಿಗೆ' ಎಂದು ಕೈಮುಗಿಯುವಳು. ಆಮೇಲೆಯೇ ಮಗನಿಗೆ ಬಡಿಸುವಳು. ಗಂಡ ಸತ್ತ ವರ್ಷವೂ ಅದನ್ನು ಬಿಡಲಿಲ್ಲ. ಮಗ ಬೆಳೆದು ದರ್ಜಿಯಾದ, ಮದುವೆಯಾದ, ಮಕ್ಕಳ ತಂದೆಯಾದ. ಆ ತುತ್ತು ಮಾತ್ರ ತಪ್ಪಲಿಲ್ಲ.

ವಯಸ್ಸಾದ ಮೇಲೆ ತಾಯಿಯ ಕಣ್ಣು ಮಸುಕಾಗತೊಡಗಿತು. ನರ ಸೋತಿದೆ, ಶಸ್ತ್ರಚಿಕಿತ್ಸೆಯಿಂದ ಬರುವಂಥದ್ದಲ್ಲ, ದೃಷ್ಟಿ ಇರುವಷ್ಟು ದಿನ ನೋಡುವುದನ್ನೆಲ್ಲ ನೋಡಿಬಿಡಲಿ ಎಂದರು ಡಾಕ್ಟರು. ಮನೆಗೆ ಬಂದು ಅವಳು ಮಗನನ್ನು ಕೂರಿಸಿಕೊಂಡಳು.

"ಕಣ್ಣು ಇರೋವಾಗಲೇ ಆ ಪುಣ್ಯಾತ್ಮನ ಮುಖ ನೋಡ್ಬೇಕು ಮಗಾ. ಮುಖ ಸಿಗಲಿಲ್ಲ ಅಂದ್ರೆ ಆ ಕಾರಾದ್ರೂ ತೋರ್ಸು. ಕಂಬಳಿ ಕೊಟ್ಟು ಕೈಮುಗೀತೀನಿ. ಇಲ್ದಿದ್ರೆ ನನಗೆ ನೆಮ್ಮದಿ ಇಲ್ಲ."

ಅಲ್ಲಿಯವರೆಗೆ ದರ್ಜಿ ಇದನ್ನು ಗೆಳೆಯರಿಗೆ ಹೇಳಿರಲಿಲ್ಲ. ತಾಯಿಯ ವಿಷಯ ಆಟವಾಗಬಾರದು ಎಂಬ ಸಂಕೋಚ. ಆ ಭಾನುವಾರ ಹೇಳಿದ. ಮೂವರೂ ಮಂಡಕ್ಕಿಯನ್ನು ಅಲ್ಲೇ ಬಿಟ್ಟು ಎದ್ದು ಅವನ ಮನೆಗೆ ಬಂದರು.

ವಕೀಲ ಕೋರ್ಟಿನಲ್ಲಿ ಕೇಳುವ ಹಾಗೆ ಒಂದೊಂದಾಗಿ ಕೇಳಿದ. ತಾಯಿ ಕಣ್ಣು ಮುಚ್ಚಿಕೊಂಡು ನೆನಪಾದಷ್ಟನ್ನು ಹೇಳಿದಳು. ಹತ್ತುವಾಗ ಪಕ್ಕದಲ್ಲಿ ಮೆಟ್ಟಿಲಿನಂಥ ಹಲಗೆ ಇತ್ತು. ತಲೆಯ ಮೇಲೆ ಕಪ್ಪು ಬಟ್ಟೆಯ ಮಾಡು, ಅದು ಗಾಳಿಮಳೆಗೆ ಪಟಪಟ ಎನ್ನುತ್ತಿತ್ತು. ಆಮೇಲೆ ಎಂಜಿನ್ನಿನ ಸದ್ದೇ ಇಲ್ಲ. ಕಾರು ತೊಟ್ಟಿಲಿನ ಹಾಗೆ ತೂಗುತ್ತಿತ್ತು, ಒಮ್ಮೊಮ್ಮೆ ಸುತ್ತಿದ ಹಾಗೂ ಆಗುತ್ತಿತ್ತು. ಡಾಂಬರಿನ ವಾಸನೆ ಬರುತ್ತಿತ್ತು. ಒಬ್ಬ ಹೆಂಗಸು ಕಿವಿಯ ಹತ್ತಿರ 'ಉಸಿರು ಬಿಡವ್ವಾ, ಉಸಿರು ಬಿಡು' ಎನ್ನುತ್ತಿದ್ದಳು, ಅವಳ ಕೈ ತುಂಬ ಬಳೆಯ ಸದ್ದು. ಮಗು ಅತ್ತದ್ದು ಕೇಳಿಸಿತು. ಇನ್ನೊಮ್ಮೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಗಾಜು, ಮೇಲೆ ಚಾವಣಿಯಲ್ಲಿ ಒಂದು ಪುಟ್ಟ ದೀಪ.

ಗೆಳೆಯರು ಇದನ್ನು ಹೊತ್ತುಕೊಂಡು ಬೆಂಚಿಗೆ ಹೋದರು. ಅವರಷ್ಟು ಪ್ರೀತಿಯಿಂದ, ಅವರಷ್ಟು ತಪ್ಪಾಗಿ ಯೋಚಿಸಿದವರು ಬೇರೆ ಯಾರೂ ಇರಲಾರರು.

ಸದ್ದಿಲ್ಲದ ಎಂಜಿನ್ ಎಂದರೆ ಅದು ಸಾಮಾನ್ಯದವರ ಕಾರಲ್ಲ ಎಂದ ಗಡಿಯಾರದವನು. ತೊಟ್ಟಿಲಿನ ಹಾಗೆ ತೂಗಬೇಕಾದರೆ ಸ್ಪ್ರಿಂಗುಗಳು ಅದೆಷ್ಟು ಮೆತ್ತಗಿರಬೇಕು ಎಂದು ಲೆಕ್ಕ ಹಾಕಿದ. ಸುತ್ತಿದ ಹಾಗಾದದ್ದು ಘಾಟಿಯ ತಿರುವು, ಡಾಂಬರಿನ ವಾಸನೆ ಹೊಸದಾಗಿ ಹಾಕಿದ ರಸ್ತೆಯದು ಎಂದು ವಕೀಲ ತೀರ್ಪು ಕೊಟ್ಟ. ಸ್ಟುಡಿಯೋದವನಿಗೆ ಮಾತ್ರ ಒಂದು ಕಡೆ ತೊಡಕಾಯಿತು. ಪಟಪಟ ಎನ್ನುವ ಬಟ್ಟೆಯ ಮಾಡಿರುವ ಕಾರಿಗೆ ಚಾವಣಿಯ ದೀಪ ಎಲ್ಲಿಂದ ಬಂತು? ಎರಡೂ ಇರುವ ಕಾರನ್ನು ಅವನು ಯಾವ ಫೋಟೋದಲ್ಲೂ ನೋಡಿರಲಿಲ್ಲ. ಬಹಳ ಯೋಚಿಸಿದ ಮೇಲೆ ಅವನಿಗೆ ಹೊಳೆಯಿತು. ಅದು ಹೇಳಿ ಮಾಡಿಸಿದ ಕಾರು.

ಹೇಳಿ ಮಾಡಿಸುವವರು ಯಾರು? ಅರಸರು. ಬಳೆಯ ಹೆಂಗಸು ಯಾರು? ರಾಣಿ. ನಾಲ್ವರೂ ಎದ್ದು ನಿಂತು ಒಬ್ಬರ ಕೈ ಒಬ್ಬರು ಕುಲುಕಿದರು. ದರ್ಜಿಯೇ ಎಲ್ಲರಿಗೂ ಮಂಡಕ್ಕಿ ತರಿಸಿದ.

ಸುದ್ದಿ ಕೇಳಿ ತಾಯಿ ಗಾಬರಿಯಾದಳು. ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು ಸವರಿ ನೋಡಿದಳು.

"ಅರಸರ ಕಂಬಳಿ ಇಷ್ಟು ಚುಚ್ಚುತ್ತೇನ್ರಪ್ಪಾ?"

"ಬೇಟೆಗೆ ಹೋಗೋವಾಗ ಅರಸರೂ ಕಂಬಳೀನೇ ಹೊದೆಯೋದು ಅಮ್ಮ," ಎಂದ ವಕೀಲ.

ಎಂಥ ಪ್ರಶ್ನೆಗೂ ಅವನ ಬಳಿ ಉತ್ತರವಿತ್ತು. ನಿನ್ನ ಹಾಗೆಯೇ. ಇರಲಿ, ಮುಂದೆ ಕೇಳು.

ದರ್ಜಿ ಅಂಗಡಿ ಮುಚ್ಚಿ ಹೊರಟ. ದೂರದ ಒಂದು ಹಳೆಯ ಸಂಸ್ಥಾನದಲ್ಲಿ ಅರಸರ ಕಾರುಗಳನ್ನು ಇನ್ನೂ ಉಳಿಸಿಕೊಂಡಿದ್ದಾರೆ ಎಂದು ಕೇಳಿದ್ದ. ಅಲ್ಲಿ ಕಾವಲಿದ್ದವನು ಒಳ್ಳೆಯವನು. ಬಾಗಿಲು ತೆಗೆದು ಎಲ್ಲ ಕಾರುಗಳನ್ನೂ ತೋರಿಸಿದ. ದರ್ಜಿ ಒಂದೊಂದರ ಬಳಿಯೂ ನಿಂತು ಮಾಡು ನೋಡಿದ, ದೀಪ ನೋಡಿದ, ಒಳಗೆ ತಲೆಯಿಟ್ಟು ಮೂಸಿಯೂ ನೋಡಿದ. ಅಂಥ ಕಾರು ಇಲ್ಲಿ ಯಾವಾಗಲೂ ಇರಲಿಲ್ಲ ಎಂದ ಕಾವಲಿನವನು. ದರ್ಜಿ ಹಿಂದಿರುಗಿ ಬಂದು ತಾಯಿಗೆ ಅದನ್ನೇ ಹೇಳಿದ. ಅವಳು ಕಂಬಳಿಯನ್ನು ಮಡಿಸಿ ಟ್ರಂಕಿಗೆ ಹಾಕಿದಳು. ಮಡಿಸುವಾಗ ಅವಳ ಕೈ ಅಂಚನ್ನು ಹುಡುಕುತ್ತಿತ್ತು, ಕಣ್ಣಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ದರ್ಜಿ ಅದನ್ನು ನೋಡಿದ. ಆ ವಾರ ಅವನು ಹೊಲಿದ ಬಟ್ಟೆಯೊಂದೂ ನೆಟ್ಟಗಿರಲಿಲ್ಲ.

ಗೆಳೆಯರು ತಮ್ಮಲ್ಲೇ ಮಾತಾಡಿಕೊಂಡರು. ಇನ್ನು ಆಟ ಬೆಂಚಿನ ಮೇಲಲ್ಲ, ದರ್ಜಿಯ ಮನೆಯಲ್ಲಿ. ಪೆಟ್ಟಿಗೆಯ ಫೋಟೋಗಳನ್ನೆಲ್ಲ ತಾಯಿಗೆ ತೋರಿಸೋಣ. ಯಾವುದಾದರೊಂದು ಕಾರು ಅವಳ ನೆನಪಿಗೆ ತಾಗಬಹುದು.

ಹಾಗೆಯೇ ಭಾನುವಾರ ಬಂದರು. ಒಂದೊಂದೇ ಫೋಟೋ ಅವಳ ಕೈಗೆ ಕೊಟ್ಟರು. ಅವಳು ಕಣ್ಣಿನ ಹತ್ತಿರಕ್ಕೆ ಹಿಡಿದು, ಇದಲ್ಲ, ಇದೂ ಅಲ್ಲ ಎಂದು ಕೆಳಗಿಡುತ್ತಿದ್ದಳು. ಹಾಗಿಡುವಾಗ ಪ್ರತಿಸಲವೂ ಗೆಳೆಯರ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಸ್ಟುಡಿಯೋದವನು ಆ ವಾರ ಎಲ್ಲೋ ಹಳೆಯ ಕಂತೆಯಲ್ಲಿ ಕೊಂಡು ತಂದ ಒಂದು ಫೋಟೋ ಬಂತು. ಕಿಟಕಿಯೊಳಗೆ ಮೆಟ್ಟಿಲು ಹಲಗೆಯ ಒಂದು ಕಾರು. ಗಡಿಯಾರದವನು ತಡೆಯಲಾರದೆ ಷೆವರ್ಲೆ ಎಂದು ಕೂಗಿಬಿಟ್ಟ. ವಕೀಲ ಡಾಡ್ಜ್ ಎಂದ. ಇಬ್ಬರೂ ಯಾಕೆ ಬಂದಿದ್ದೇವೆ ಎಂಬುದನ್ನು ಮರೆತು ಜಗಳಕ್ಕೆ ಬಿದ್ದರು.

"ಈ ಕಿಂಡಿಯೊಳಗೆ ನನಗೆ ಏನೂ ಕಾಣ್ತಿಲ್ಲಪ್ಪ," ಎಂದು ತಾಯಿ ರಟ್ಟನ್ನು ಕಿತ್ತು ಪಕ್ಕಕ್ಕಿಟ್ಟಳು.

ಆಟದ ನಿಯಮ ಮುರಿದಿತ್ತು. ಯಾರೂ ಬೇಡ ಎನ್ನಲಿಲ್ಲ. ಅವಳು ಫೋಟೋವನ್ನು ಇನ್ನೂ ಹತ್ತಿರ ಹಿಡಿದಳು. ಕಾರನ್ನು ನೋಡಲಿಲ್ಲ. ಅಂಚಿನಲ್ಲಿದ್ದ ಏನನ್ನೋ ಬೆರಳಿನಿಂದ ಸವರಿದಳು.

"ಇದೇನಪ್ಪಾ ಇದು, ದೊಡ್ಡ ಬುಟ್ಟಿ ಬೋರಲು ಹಾಕಿದಂಗೆ ಐತೆ?"

ಸ್ಟುಡಿಯೋದವನು ಬಗ್ಗಿ ನೋಡಿದ. ಕಾರಿನ ಹಿಂದೆ ಹೊಳೆ ಇತ್ತು. ರಟ್ಟು ಕೊರೆದವನು ಅವನೇ, ಆದರೆ ಅವನ ಕಣ್ಣು ಅಳತೆಪಟ್ಟಿಯ ಮೇಲಿತ್ತು.

"ಹರಿಗೋಲು ಅಮ್ಮ. ಹೊಳೆ ದಾಟೋದು."

"ಯಾಕೆ ಇಷ್ಟು ಕಪ್ಪಗೈತೆ?"

"ನೀರು ಒಳಗೆ ಬರಬಾರ್ದು ಅಂತ ತಳಕ್ಕೆ ಡಾಂಬರು ಬಳೀತಾರೆ."

ಅವಳು ಫೋಟೋ ಕೆಳಗಿಟ್ಟಳು. "ಅದು ತೂಗುತ್ತಾ?"

"ತೂಗುತ್ತೆ. ಒಂದೊಂದು ಸಲ ಗಿರ್ರನೆ ಸುತ್ತುತ್ತೆ ಕೂಡ," ಎಂದವನು ಅಲ್ಲಿಗೇ ನಿಂತ.

ಜಗಳ ಆಗಲೇ ನಿಂತಿತ್ತು. ವಕೀಲ ಮೆಲ್ಲಗೆ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ಆ ಕಾಲಕ್ಕೆ ಎಷ್ಟೋ ಹೊಳೆಗೆ ಸೇತುವೆ ಇರಲಿಲ್ಲ. ಕಾರು ದಡದಲ್ಲೇ ನಿಂತುಬಿಡೋದು. ಆಚೆ ದಡದಲ್ಲಿ ಇನ್ನೊಂದು ಗಾಡಿ ಹಿಡೀಬೇಕಿತ್ತು."

ದರ್ಜಿ ಒಳಗೆ ಹೋಗಿ ಟ್ರಂಕಿನಿಂದ ಕಂಬಳಿ ತಂದ. ತಾಯಿ ಅದನ್ನು ಮುಖಕ್ಕೆ ಹಿಡಿದು ಮೂಸಿದಳು. ಒಂದು ಮೂಲೆಯಲ್ಲಿ ಗಟ್ಟಿಯಾಗಿ ಅಂಟಿದ ಕಪ್ಪು ಕಲೆ ಇತ್ತು. ಅದನ್ನು ಅವಳು ಎಷ್ಟೋ ಸಲ ಉಗುರಿನಿಂದ ಕೆರೆದು ತೆಗೆಯಲು ನೋಡಿದ್ದಳು. ಅದು ಹೋಗಿರಲಿಲ್ಲ.

ನೋಡು, ಕಾರು ಒಂದಲ್ಲ. ಎರಡು. ಮೆಟ್ಟಿಲು ಹಲಗೆಯದು ಈ ದಡದ್ದು, ಚಾವಣಿಯ ದೀಪದ್ದು ಆ ದಡದ್ದು. ನಡುವೆ ತೂಗಿದ್ದು ಕಾರೇ ಅಲ್ಲ. ಸದ್ದಿಲ್ಲದ ಎಂಜಿನ್ ಒಬ್ಬ ಅಂಬಿಗನ ಕೈಯ ಹುಟ್ಟು. ತಲೆಯ ಮೇಲೆ ಪಟಪಟ ಎಂದದ್ದು, ಮಳೆಗೆ ಯಾರೋ ಎತ್ತಿ ಹಿಡಿದ ಈ ಕಂಬಳಿ. ಇಷ್ಟನ್ನೂ ಅವಳು ಒಂದು ಕಾರಿನೊಳಗೆ ತುಂಬಿ, ಅದಕ್ಕೊಬ್ಬ ಧಣಿಯನ್ನು ಕೂರಿಸಿದ್ದಳು. ಕಾರು ಬಲ್ಲ ಗೆಳೆಯರು ಅವನಿಗೆ ಕಿರೀಟವನ್ನೂ ಇಟ್ಟಿದ್ದರು.

ಮರುದಿನ ಒಂದು ಬಾಡಿಗೆ ಕಾರು ಮಾಡಿಕೊಂಡು ಎಲ್ಲರೂ ಹೊರಟರು. ಅದು ಯಾವ ಕಾರು ಎಂದು ಅಂದು ಯಾರೂ ಕೇಳಲಿಲ್ಲ. ಆ ಆಸ್ಪತ್ರೆ ಇದ್ದ ಊರಿನ ಹೆಸರು ತಾಯಿಗೆ ನೆನಪಿತ್ತು. ಅಲ್ಲಿಗೆ ಹೋಗಿ, ಅಲ್ಲಿಂದ ಹೊಳೆಗೆ ಬಂದರು. ಹೊಳೆಯ ಮೇಲೆ ಸೇತುವೆ ಬಂದು ಬಹಳ ಕಾಲವಾಗಿತ್ತು. ಸೇತುವೆಯ ಕೆಳಗೆ ಒಂದು ಹರಿಗೋಲು ಇತ್ತು. ಮೀನು ಹಿಡಿಯುವ ಒಬ್ಬ ಮುದುಕ ಬಲೆ ಸರಿಮಾಡುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಕುಳಿತಿದ್ದಳು.

ದರ್ಜಿ ಕಂಬಳಿ ತೋರಿಸಿ ಎಲ್ಲವನ್ನೂ ಹೇಳಿದ. ಮುದುಕ ಕಲೆ ಮುಟ್ಟಿ ನೋಡಿದ.

"ನಮ್ಮೋರ್ದೇ ಇದು. ಯಾರ್ದು ಅಂತ ಹೆಂಗೆ ಹೇಳ್ಲಿ? ಹರಿಗೋಲಿಗೆ ಒಂದು ಕಂಬಳಿ ಇರೋದು. ಯಾರು ನಡುಗ್ತಾರೋ ಅವರಿಗೆ ಹೊದಿಸೋದು. ಅದು ಇಂಥೋರ್ದು ಅಂತ ಇರಲಿಲ್ಲ."

"ಹೆಂಗಸು ಒಬ್ಬಳಿದ್ದಳು. ಬಳೆ ಸದ್ದಾಗ್ತಿತ್ತು," ಎಂದಳು ತಾಯಿ.

ಮುದುಕನ ಹೆಂಡತಿ ನಕ್ಕಳು. "ಬಸುರಿ ಹೆಂಗಸು ಹೊಳೆ ದಾಟ್ಬೇಕು ಅಂದ್ರೆ ನಮ್ಮ ಕೇರಿಯಿಂದ ಒಬ್ಬಳು ಜೊತೆಗೆ ಕೂರೋದು ವಾಡಿಕೆ ಕಣಕ್ಕ. ಯಾರ ಕೈ ಬಿಡುವಾಗಿರ್ತಿತ್ತೋ ಅವಳು ಹೋಗೋಳು. ನಮ್ಮತ್ತೆ ಹೋಗಿದ್ದಾಳೆ, ನಾನೂ ಹೋಗಿದ್ದೀನಿ. ಹುಟ್ಟು ಹಾಕೋನು ಬೆನ್ನು ತಿರುಗಿಸ್ಕೊಂಡು ಕೂರೋನು. ಮಿಕ್ಕೋರು ಕಂಬಳಿ ಎತ್ತಿ ಹಿಡಿಯೋರು. ಆ ದಡ ಸಿಕ್ಕಿದ ಮೇಲೆ ಎತ್ಕೊಂಡು ಹೋಗಿ ರಸ್ತೇಲಿ ಯಾವ ಗಾಡಿ ಬಂದ್ರೂ ಅಡ್ಡ ನಿಂತು ನಿಲ್ಸೋರು."

"ಯಾರ್ಯಾರು ಅಂತ ಒಂದು ಹೆಸರಾದ್ರೂ..."

"ಎಲ್ಲಿಂದ ತರ್ಲಿ ಅಕ್ಕ? ಕೇರಿಗೆ ಕೇರಿಯೇ ಮಾಡ್ತಿತ್ತು."

ಗೆಳೆಯರು ದರ್ಜಿಯ ಮುಖ ನೋಡಿದರು. ಅರಸರ ಕಾರಿನಲ್ಲಿ ಹುಟ್ಟಿದವನು ಎಂದು ಅವನನ್ನು ಕರೆದವರು ಅವರೇ. ಅವನಿಗೆ ನೋವಾಗಿರಬಹುದು ಎಂದುಕೊಂಡರು. ಅವನು ಚಪ್ಪಲಿ ಬಿಟ್ಟು ಹೋಗಿ ಹರಿಗೋಲಿನೊಳಗೆ ಕುಳಿತಿದ್ದ. ಎರಡೂ ಕೈಯಿಂದ ಅದರ ಅಂಚು ಹಿಡಿದುಕೊಂಡಿದ್ದ. ಅಳುತ್ತಿದ್ದ, ನಗುತ್ತಲೂ ಇದ್ದ.

ತಾಯಿ ದಡದ ಮೇಲೆ ಕುಳಿತಳು. ಅವಳು ಹುಡುಕಿ ಬಂದ ಮುಖ ಸಿಗಲಿಲ್ಲ. ಸಿಗುವಂತೆಯೂ ಇರಲಿಲ್ಲ. ಆದರೆ ಅವಳ ಮುಖದ ಮೇಲೆ ಅಷ್ಟು ಸಂತೋಷವನ್ನು ಮಗ ಎಂದೂ ಕಂಡಿರಲಿಲ್ಲ. ಹೊಳೆಯ ಈ ದಡ ನೋಡಿದಳು, ಆ ದಡ ನೋಡಿದಳು. ಸೇತುವೆಯ ಮೇಲೆ ಹೋಗುತ್ತಿದ್ದವರನ್ನೂ ನೋಡಿದಳು.

"ಇಷ್ಟು ಜನಾನಾ!" ಎಂದಳು. "ಹಬ್ಬ ಹಬ್ಬಕ್ಕೂ ಒಬ್ಬರಿಗೆ ತುತ್ತಿಟ್ಟೆ ಕಣೋ ಮಗಾ. ಮಿಕ್ಕೋರೆಲ್ಲ ಅಲ್ಲೇ ನಿಂತಿದ್ರಲ್ಲೋ."

ಆಮೇಲೆ ಎದ್ದು ಕಂಬಳಿಯನ್ನು ಆ ಹೆಂಗಸಿನ ಕೈಗೆ ಕೊಟ್ಟಳು. ಕೈಮುಗಿದಳು.

"ಇದು ನಿಮ್ಮದು. ಇಷ್ಟು ಕಾಲ ನನ್ನ ಹತ್ರ ಸುಮ್ನೆ ಬಿದ್ದಿತ್ತು. ಇನ್ನು ಯಾರಾದ್ರೂ ನಡುಗಿದ್ರೆ ಹೊದಿಸಿ."

ಮುದುಕ ಅದನ್ನು ಹರಿಗೋಲಿನೊಳಗೆ, ದರ್ಜಿಯ ಪಕ್ಕದಲ್ಲಿಟ್ಟ. ಅದರ ಜಾಗ ಅದಕ್ಕೆ ಗೊತ್ತಿದ್ದ ಹಾಗಿತ್ತು.

ಮುಂದಿನ ಹಬ್ಬಕ್ಕೆ ಅವಳು ತುತ್ತು ಬದಿಗಿಡಲಿಲ್ಲ. ಯಾರಿಗೆಂದು ಇಡುವುದು? ಒಂದು ಪಾತ್ರೆ ಹೆಚ್ಚು ಅನ್ನ ಮಾಡಿಸಿ ಬೀದಿಯ ಬಾಗಿಲು ತೆರೆದಿಟ್ಟಳು. ಯಾರು ಬಂದರೋ ಅವರಿಗೆ ಬಡಿಸಿದಳು. ಕಣ್ಣು ಪೂರ್ತಿ ಹೋದ ಮೇಲೂ ಬಡಿಸುತ್ತಿದ್ದಳು. ಮುಖ ಕಾಣುವುದಿಲ್ಲ ಎಂಬ ಕೊರಗು ಅವಳಿಗೆ ಆಗ ಇರಲಿಲ್ಲ.

ಗೆಳೆಯರು ಆಟ ಬಿಡಲಿಲ್ಲ. ಅಷ್ಟು ಒಳ್ಳೆಯ ಆಟವನ್ನು ಯಾಕೆ ಬಿಡಬೇಕು? ರಟ್ಟನ್ನೂ ಬಿಡಲಿಲ್ಲ, ರಟ್ಟಿಲ್ಲದಿದ್ದರೆ ವಕೀಲ ಮತ್ತೆ ಟೋಪಿ ನೋಡುತ್ತಾನೆ. ಆದರೆ ನಿಯಮಕ್ಕೆ ಒಂದು ಮಾತು ಸೇರಿಸಿದರು. ಗೆದ್ದವನು ಮಂಡಕ್ಕಿ ತರಿಸಿದ ಮೇಲೆ, ತಿನ್ನುವ ಮೊದಲು, ತನ್ನ ಕೈಯಾರೆ ರಟ್ಟು ತೆಗೆಯಬೇಕು. ಎಲ್ಲರೂ ಬಗ್ಗಿ ಕಾರಿನ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಬೇಕು. ಬಾಗಿಲು ಹಿಡಿದವನು, ಚಕ್ರಕ್ಕೆ ಕಲ್ಲು ಕೊಟ್ಟವನು, ನೆರಳಿನಲ್ಲಿ ಅರ್ಧ ಮರೆಯಾದವಳು. ಹೆಸರು ಗೊತ್ತಿರುವುದಿಲ್ಲ. ನೋಡಿ, ಆಮೇಲೆ ತಿನ್ನುವರು.

ಗುರುಗಳು ಕತೆ ನಿಲ್ಲಿಸಿದರು. ಬಸ್ಸಿನ ಹೊತ್ತು ಹತ್ತಿರವಾಗಿತ್ತು. ಮೃತ್ಯುಂಜಯ ಗಂಟಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ಬುತ್ತಿ ಇನ್ನೂ ಬೆಚ್ಚಗಿತ್ತು. ಅಡುಗೆಮನೆಯಲ್ಲಿ ಬಸಲಿಂಗವ್ವ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಅವನು ಮಠಕ್ಕೆ ಬಂದ ಮೊದಲ ದಿನವೂ ಆ ಸದ್ದು ಇತ್ತು.

"ನಿನ್ನ ಮೇಷ್ಟರ ಚಿತ್ರ ಚೆನ್ನಾಗಿದೆ, ಮೃತ್ಯುಂಜಯ," ಎಂದರು ಗುರುಗಳು. "ಇನ್ನು ರಟ್ಟು ತೆಗೆ."

ಅವನು ಅಡುಗೆಮನೆಯ ಕಡೆ ತಿರುಗಿ ನೋಡಿದ.